ಎಲ್ಲರ ಚಾವಣಿ

ಬೆಳಿಗ್ಗೆ ಎಂಟೂ ಹತ್ತಕ್ಕೆ ಸರಿಯಾಗಿ ಗಡಿಯಾರ ರಿಪೇರಿಯವರ ಬೋಳುತಲೆಯ ಮೇಲೆ ಒಂದು ತೊಟ್ಟು ನೀರು ಬಿತ್ತು.

ಬೇರೆಯವರಾಗಿದ್ದರೆ ಒರೆಸಿಕೊಂಡು ಮುಂದೆ ಹೋಗುತ್ತಿದ್ದರು. ಗಡಿಯಾರದವರು ನಿಂತರು. ಮೂವತ್ತು ವರ್ಷ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆ ಕಾಳಿನಷ್ಟಿರುವ ತಿರುಪುಗಳನ್ನು ಹುಡುಕಿದ ಮನುಷ್ಯ. ಸಣ್ಣದನ್ನು ಸಣ್ಣದೆಂದು ಬಿಟ್ಟುಬಿಡುವ ಅಭ್ಯಾಸವೇ ಅವರಿಗಿರಲಿಲ್ಲ. ತಲೆಯೆತ್ತಿ ನೋಡಿದರು. ಮೊದಲ ಮಹಡಿಯ ವರಾಂಡದ ಚಾವಣಿಯಲ್ಲಿ, ದರ್ಜಿಯ ಅಂಗಡಿಯ ಬಾಗಿಲಿಗೆ ನಾಲ್ಕು ಹೆಜ್ಜೆ ಈಚೆಗೆ, ಅಂಗೈಯಗಲದ ಒದ್ದೆ. ಅದರ ನಡುವೆ ಇನ್ನೊಂದು ತೊಟ್ಟು ದಪ್ಪಗಾಗುತ್ತ ತೂಗುತ್ತಿತ್ತು. ಪಕ್ಕಕ್ಕೆ ಸರಿದು ಕೈಗಡಿಯಾರ ನೋಡಿಕೊಂಡರು. ಟಪ್. ಮತ್ತೆ ಟಪ್. ಹನ್ನೊಂದು ಸೆಕೆಂಡಿಗೆ ಒಂದು.

‘ಮುನ್ನೂರ ಅರವತ್ತನಾಲ್ಕು ದಿನ ಸುಮ್ಮನಿದ್ದು ಇವತ್ತೇ ಸೋರಬೇಕಿತ್ತೇ’ ಎಂದು ಅವರಿಗೆ ಅಳುವೇ ಬಂದಂತಾಯಿತು. ಇದಕ್ಕೆ ಕಾರಣವಿದೆ, ಹೇಳುತ್ತೇನೆ.

ಆ ಮೂರು ಅಂತಸ್ತಿನ ಕಟ್ಟಡ ಯಾರೊಬ್ಬರದೂ ಅಲ್ಲ, ಹನ್ನೊಂದು ಅಂಗಡಿಗಳವರದು. ಅವರವರ ಅಂಗಡಿಯ ಗೋಡೆಯೊಳಗಿನದು ಅವರವರದು. ಮೆಟ್ಟಿಲು, ವರಾಂಡ, ತಾರಸಿ, ನೀರಿನ ಟ್ಯಾಂಕು ಎಲ್ಲರದು ಎಂದು ಮೊದಲ ದಿನವೇ ಎಲ್ಲರೂ ಕೂತು ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆದುಕೊಂಡಿದ್ದರು. ಎಲ್ಲರದು ಎಂದರೆ ಯಾರದೂ ಅಲ್ಲ ಎಂಬುದು ಮೂರೇ ತಿಂಗಳಲ್ಲಿ ತಿಳಿದುಹೋಗಿ, ಕೆಳಗೆ ಇನ್ನೊಂದು ಸಾಲು ಸೇರಿತು: ‘ಎಲ್ಲರದು ಅಂದರೆ ಆ ವರ್ಷ ಬೀಗದ ಕೈ ಇಟ್ಟುಕೊಂಡವರದು.’ ಸರದಿಯ ಮೇಲೆ ವರ್ಷಕ್ಕೊಬ್ಬರು ಬೀಗದ ಕೈಯ ಗೊಂಚಲು ಹೊರಬೇಕು. ವರ್ಷ ಮುಗಿದ ದಿನ ಹಳಬರು ಹೊಸಬರಿಗೆ ತಾರಸಿಯಿಂದ ಗೇಟಿನವರೆಗೆ ಕಟ್ಟಡ ತೋರಿಸಬೇಕು. ಏನಾದರೂ ಕೆಟ್ಟದ್ದು ಕಂಡರೆ ಹಳಬರು ತಮ್ಮ ಕೈಯಿಂದಲೇ ರಿಜಿಸ್ಟರಿನಲ್ಲಿ ಬರೆದು, ರಿಪೇರಿ ಮುಗಿಯುವವರೆಗೆ ಗೊಂಚಲು ತಾವೇ ಇಟ್ಟುಕೊಳ್ಳಬೇಕು, ಊರು ಬಿಡಕೂಡದು. ಎರಡು ದಿನದ ಮದುವೆಗೆಂದು ಹೋದ ಹಳಬರೊಬ್ಬರು ಮೂರು ತಿಂಗಳ ಮೇಲೆ ಮರಳಿದ್ದರಿಂದ ಸೇರಿದ ಮಾತು ಅದು. ಏನೂ ಕಾಣದಿದ್ದರೆ ಹೊಸಬರು ಸಹಿ ಹಾಕಿ ಗೊಂಚಲು ಪಡೆಯುತ್ತಾರೆ. ಮರುನಿಮಿಷ ಇಡೀ ಕಟ್ಟಡ ಕುಸಿದರೂ ಅದು ಹೊಸಬರ ಪಾಡು.

ಹೀಗಾಗಿ ಆ ಕಟ್ಟಡದಲ್ಲಿ ವರ್ಷದ ಕೊನೆಯ ದಿನ ಹಳಬರು ಮುಚ್ಚುವುದು, ಹೊಸಬರು ಕೆದಕುವುದು ನಡೆದುಕೊಂಡು ಬಂದಿತ್ತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಹೋದ ವರ್ಷ ಗೊಂಚಲು ದರ್ಜಿಯ ಕೈಯಲ್ಲಿತ್ತು. ಅವನು ಒಮ್ಮೆ ತಾರಸಿಯ ಬೀಗದ ಕೈಯನ್ನು ಯಾರದೋ ಕೋಟಿನ ಅಸ್ತರಿನೊಳಗೆ ಸೇರಿಸಿ ಹೊಲಿದು, ಇಸ್ತ್ರಿ ಮಾಡಿ ಕೊಟ್ಟು ಕಳಿಸಿಬಿಟ್ಟಿದ್ದ. ಕೊನೆಯ ದಿನ ಗೋಡೆಯ ಬಿರುಕಿನ ಮೇಲೆ ‘ಹೊಸ ನಮೂನೆ’ ಎಂದು ಒಂದು ಸೂಟು ತೂಗುಹಾಕಿ ಗಡಿಯಾರದವರಿಗೆ ಗೊಂಚಲು ದಾಟಿಸಿದ್ದ. ರಿಜಿಸ್ಟರನ್ನಂತೂ ಹೊಡೆದುಹಾಕಿ, ತಿದ್ದಿ, ಗೀಚಿ ಹಾಳುಮಾಡಿದ್ದ. ಅದನ್ನು ನೋಡಿ ಹೊಟ್ಟೆ ಉರಿದು ಗಡಿಯಾರದವರು ತಮ್ಮ ವರ್ಷದಲ್ಲಿ ಒಂದೇ ಒಂದು ಹೊಸ ನಿಯಮ ತಂದಿದ್ದರು: ಪ್ರತಿ ಪುಟಕ್ಕೂ ಸಂಖ್ಯೆ, ಶಾಯಿಯಲ್ಲೇ ಬರವಣಿಗೆ, ಬರೆದದ್ದನ್ನು ಹೊಡೆದುಹಾಕುವಂತಿಲ್ಲ.

ಇವತ್ತು ಸಂಜೆ ನಾಲ್ಕಕ್ಕೆ ಅವರ ವರ್ಷ ಮುಗಿಯುತ್ತಿತ್ತು. ನಾಳೆ ಬೆಳಿಗ್ಗೆ ಆರರ ರೈಲಿಗೆ ಟಿಕೆಟ್ಟು ಜೇಬಿನಲ್ಲಿತ್ತು. ದೂರದ ಊರಿನಲ್ಲಿ ಮಗಳು ಹೆತ್ತು ನಲವತ್ತು ದಿನವಾಗಿತ್ತು. ಹೆಂಡತಿ ಎರಡು ತಿಂಗಳಿಂದ ಅಲ್ಲೇ ಇದ್ದಳು. ಅಜ್ಜನಾದವರು ಮಾತ್ರ ಮೊಮ್ಮಗಳ ಮುಖ ನೋಡಿರಲಿಲ್ಲ. ಒಮ್ಮೆ ಹೊರಟಾಗ ಗೇಟಿನ ಶಟರು ಸಿಕ್ಕಿಕೊಂಡಿತು, ಇನ್ನೊಮ್ಮೆ ಹೊರಟಾಗ ಟ್ಯಾಂಕು ತುಂಬಿ ಹರಿಯಿತು. ಎರಡು ಸಲವೂ ಬೀಗದ ಕೈ ಅವರ ಸೊಂಟದಲ್ಲಿತ್ತು.

ಎಂಟೂವರೆಗೆ ಹೆಂಡತಿಯ ಫೋನು ಬಂತು. ಪೆಟ್ಟಿಗೆ ಕಟ್ಟಿದಿರಾ, ಮಾತ್ರೆ ಇಟ್ಟುಕೊಂಡಿರಾ ಎಂದೆಲ್ಲ ಕೇಳಿ, ಮಗು ಸಂಜೆ ಆರಕ್ಕೆ ಅಳಲು ಶುರುಮಾಡಿದರೆ ನಡುರಾತ್ರಿಯವರೆಗೆ ನಿಲ್ಲಿಸುವುದಿಲ್ಲ, ಹಾಡಿದರೂ ಇಲ್ಲ, ತೂಗಿದರೂ ಇಲ್ಲ, ಮನೆಯವರೆಲ್ಲ ನಿದ್ದೆಗೆಟ್ಟು ಗೂಬೆಗಳ ಹಾಗೆ ಆಗಿದ್ದೇವೆ ಎಂದಳು. ಗಡಿಯಾರದವರು ಗುಟ್ಟಾಗಿ ನಕ್ಕರು. ಹಳೆಯ ಗಡಿಯಾರಗಳ ಭಾಗಗಳನ್ನು ಸೇರಿಸಿ ಮೂರು ತಿಂಗಳು ಕೂತು ಒಂದು ಪುಟ್ಟ ಗಡಿಯಾರ ಮಾಡಿದ್ದರು. ಅದರ ಸದ್ದು ಎಷ್ಟು ಮೆತ್ತಗಿತ್ತೆಂದರೆ ಕೇಳುತ್ತ ಕೂತರೆ ಅವರಿಗೇ ತೂಕಡಿಕೆ ಬರುತ್ತಿತ್ತು. ಮೊಮ್ಮಗಳು ಅದನ್ನು ಕೇಳಿದರೆ ಅಳುವುದುಂಟೇ.

“ರೀ, ಈ ಸಲಾನೂ ಬರ್ಲಿಲ್ಲ ಅಂದ್ರೆ ನೋಡಿ,” ಎಂದಳು ಹೆಂಡತಿ. “ನೀವು ಬಂದು ಅವಳ ಮುಖ ನೋಡೋ ಹೊತ್ತಿಗೆ ಅವಳೇ ನಿಮಗೆ ಟೈಮ್ ಎಷ್ಟು ಅಂತ ಹೇಳ್ತಾಳೆ.”

“ಬಂದೇ ಬರ್ತೀನಿ ಕಣೇ,” ಎಂದರು ಅವರು. ಮೇಲೆ ಟಪ್ ಎಂದಿತು.

ಒಂಬತ್ತಕ್ಕೆ ನಲ್ಲಿ ರಿಪೇರಿಯವನು ಬಂದ. ಏಣಿ ಹತ್ತಿ ಒದ್ದೆ ಜಾಗಕ್ಕೆ ಕಿವಿಯಿಟ್ಟು, ಎರಡು ಸಲ ಕುಟ್ಟಿ, ಟ್ಯಾಂಕಿನಿಂದ ಬರುವ ದೊಡ್ಡ ಪೈಪು ಚಾವಣಿಯ ಕಾಂಕ್ರೀಟಿನ ಒಳಗೇ ತೂತಾಗಿದೆ, ಒಡೆದು ಹೊಸದು ಹಾಕಿ ಮುಚ್ಚಿ ಒಣಗಿಸಲು ಹದಿನೈದು ದಿನ ಬೇಕು ಎಂದ. ಇವತ್ತು ನಾಲ್ಕರೊಳಗೆ ಆಗುವುದಿಲ್ಲವೇ ಎಂದು ಗಡಿಯಾರದವರು ಕೇಳಿದ್ದಕ್ಕೆ ಅವನು ಏಣಿಯ ಮೇಲಿನಿಂದಲೇ ಕನಿಕರದಿಂದ ನೋಡಿದ.

ಇನ್ನು ಉಳಿದದ್ದು ಒಂದೇ ದಾರಿ. ಇದು ಎಲ್ಲರ ದೋಷವಲ್ಲ, ಯಾರೋ ಒಬ್ಬರ ದೋಷ ಎಂದು ಸಾಧಿಸಿಬಿಟ್ಟರೆ ತಾನು ಪಾರು. ಗಡಿಯಾರದವರು ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ಎರಡನೇ ಮಹಡಿಗೆ, ಹಲ್ಲಿನ ಡಾಕ್ಟರ ಬಳಿಗೆ ಹೋದರು. ಸೋರುವ ಜಾಗದ ನೇರ ಮೇಲಕ್ಕೆ ಡಾಕ್ಟರ ಕೋಣೆ. ಡಾಕ್ಟರು ಅವರನ್ನು ಕೈಹಿಡಿದು ಒಳಗೆ ಕರೆದೊಯ್ದು ನೆಲ ಮುಟ್ಟಿಸಿದರು. ನೆಲ ಒಣಗಿತ್ತು. ತನ್ನದು ನೆಲ ಮಾತ್ರ, ಅದರ ತಳಭಾಗ ಕೆಳಗಿನವರ ಚಾವಣಿ ಎಂದರು. ದರ್ಜಿಯನ್ನು ಕೇಳಿದರೆ, ತನ್ನ ಚಾವಣಿ ತನ್ನ ಬಾಗಿಲಿನ ಒಳಗೆ, ಬಾಗಿಲಾಚೆ ಮಳೆ ಬಂದರೂ ತನಗೆ ಸಂಬಂಧವಿಲ್ಲ ಎಂದ. ಹಾಗಾದರೆ ನೆಲಕ್ಕೂ ಚಾವಣಿಗೂ ನಡುವೆ ಇರುವ ಕಾಂಕ್ರೀಟು ಯಾರದು? ಮೂವರೂ ವರಾಂಡದಲ್ಲಿ ಸುತ್ತ ನಿಂತು ರಿಜಿಸ್ಟರಿನ ಮೊದಲ ಪುಟ ಮೂರು ಸಲ ಓದಿದರು. ನೆಲ ಇತ್ತು, ಗೋಡೆ ಇತ್ತು, ಮಧ್ಯದ್ದು ಇರಲಿಲ್ಲ.

“ಬರೆದಿಲ್ಲ ಅಂದ್ರೆ ಎಲ್ಲರದು,” ಎಂದರು ಡಾಕ್ಟರು.

“ಎಲ್ಲರದು ಅಂದ್ರೆ ನಿಮ್ಮದು,” ಎಂದ ದರ್ಜಿ.

ಎತ್ತು ಏರಿಗೆ ಕೋಣ ನೀರಿಗೆ ಎಂದು ಯಾವ ವಿಷಯಕ್ಕೂ ಕೂಡದ ಆ ಇಬ್ಬರು ಇದೊಂದಕ್ಕೆ ಎಷ್ಟು ಚೆನ್ನಾಗಿ ಕೂಡಿದರು. ಗಡಿಯಾರದವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಜೇಬಿನಿಂದ ರೈಲಿನ ಟಿಕೆಟ್ಟು ತೆಗೆದು ಸುಮ್ಮನೆ ನೋಡಿ ಮತ್ತೆ ಒಳಗಿಟ್ಟರು. ಅದನ್ನು ಕಂಡು ದರ್ಜಿ ಏನು ಎತ್ತ ಎಂದು ಕೇಳಿದ. ಹೇಳಿದರು.

“ಮೊಮ್ಮಗಳಾ? ಅದನ್ನ ಮೊದ್ಲೇ ಹೇಳ್ಬಾರ್ದಾ,” ಎಂದು ದರ್ಜಿ ಕೊರಳಿಗೆ ಹಾಕಿಕೊಂಡಿದ್ದ ಅಳತೆಪಟ್ಟಿ ತೆಗೆದು ಮಡಿಚಿಟ್ಟ. ಯುದ್ಧಕ್ಕೆ ಇಳಿಯುವಾಗ ಅವನು ಮಾಡುತ್ತಿದ್ದದ್ದೇ ಹಾಗೆ. ಡಾಕ್ಟರ ಮುಖವೂ ಮೆತ್ತಗಾಯಿತು. ಹೋಗಬೇಕಾದ್ದು ಹೋಗಲೇಬೇಕು, ಮುಚ್ಚೋಣ ಎಂದು ಮೂವರೂ ತೀರ್ಮಾನಿಸಿದರು.

ಆದರೆ ಮುಚ್ಚುವುದು ಯಾರ ಕಣ್ಣಿನಿಂದ? ಗೊಂಚಲು ಪಡೆಯಬೇಕಾದವರು ಕೆಳಗಿನ ಕನ್ನಡಕದ ಅಂಗಡಿಯ ಅಮ್ಮ. ಎಲ್ಲರೂ ಕನ್ನಡಕದಮ್ಮ ಎಂದೇ ಕರೆಯುತ್ತಿದ್ದರು. ಹಿಂದೊಮ್ಮೆ ಬೀದಿಯ ಆಚೆ ಬದಿಯಲ್ಲಿ ನಿಂತು ಗೇಟಿನ ಬೋರ್ಡಿನಲ್ಲಿ ಒಂದು ತಿರುಪು ಬಿದ್ದುಹೋಗಿದೆ ಎಂದು ಹೇಳಿದ ಹೆಂಗಸು ಅವರು. ಬೆಣ್ಣೆಯಲ್ಲಿ ಕೂದಲು ಹುಡುಕುವವರ ಮುಂದೆ ಸೋರುವ ಚಾವಣಿ ಬಚ್ಚಿಡುವುದು ಸುಲಭವಲ್ಲ.

ಮೊದಲು ಗಡಿಯಾರದವರು ತಾರಸಿಗೆ ಹೋಗಿ ನೀರಿನ ವಾಲ್ವು ತಿರುಗಿಸಿ ಬಂದರು. ಹನಿ ನಿಧಾನವಾಗಿ, ಇಪ್ಪತ್ತಕ್ಕೊಂದು, ನಲವತ್ತಕ್ಕೊಂದು ಆಗಿ ನಿಂತೇಹೋಯಿತು. ಎಷ್ಟು ಸುಲಭ ಎಂದು ಅವರು ಎದೆಯುಬ್ಬಿಸಿ ನಿಂತಿರುವಾಗಲೇ ಮೇಲಿನಿಂದ ಬಾಯಿ ತುಂಬ ಗುಲಾಬಿ ಬಣ್ಣದ ನೊರೆ ತುಂಬಿಕೊಂಡ ಒಬ್ಬ ದೊಡ್ಡ ಮನುಷ್ಯರು, ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡೇ, ಮಾತಾಡಲಾಗದೆ ಕೈಸನ್ನೆ ಮಾಡುತ್ತ ಮೆಟ್ಟಿಲಿಳಿದು ಬಂದರು. ಅವರ ಹಿಂದೆ ಡಾಕ್ಟರು ಓಡಿಬಂದರು. ಬಾಯಿ ಮುಕ್ಕಳಿಸಲು ನೀರಿರಲಿಲ್ಲ. ಗಡಿಯಾರದವರು ತಮ್ಮ ಕುಡಿಯುವ ನೀರಿನ ಬಾಟಲಿ ಕೊಟ್ಟು, ಕ್ಷಮೆ ಕೇಳಿ, ಮತ್ತೆ ತಾರಸಿ ಹತ್ತಿ ವಾಲ್ವು ತೆಗೆದರು. ಅಷ್ಟು ಹೊತ್ತು ಬಿಗಿ ಹಿಡಿದಿದ್ದ ಪೈಪಿಗೆ ಏನಾಯಿತೋ, ಈಗ ಏಳು ಸೆಕೆಂಡಿಗೊಂದು ಹನಿ.

ಆಮೇಲಿನ ಉಪಾಯ ದರ್ಜಿಯದು. ಡಾಕ್ಟರ ಕೋಣೆಯ ಹೊರಗೆ, ರೋಗಿಗಳು ಕಾಯುವ ಜಾಗದಲ್ಲಿ, ಕುಂಡದಲ್ಲಿ ಆಳೆತ್ತರದ ಅಗಲ ಎಲೆಯ ಗಿಡವೊಂದಿತ್ತು. ಮೂವರೂ ಸೇರಿ ಅದನ್ನು ಕೆಳಗಿಳಿಸಿ ಹನಿ ಬೀಳುವ ಜಾಗಕ್ಕೆ ಸರಿಯಾಗಿ ಇಟ್ಟರು. ಇಳಿಸುವಾಗ ಡಾಕ್ಟರ ಬಿಳಿ ಕೋಟಿನ ತೋಳು ಹರಿಯಿತು, ದರ್ಜಿ ಅಲ್ಲೇ ನಿಂತು ಹೊಲಿದುಕೊಟ್ಟ. ನೀರು ಕುಂಡಕ್ಕೇ ಬೀಳುವುದರಿಂದ ನೆಲ ಒಣಗಿತು. ಒದ್ದೆಯ ಗುರುತಿನ ಮೇಲೆ ದರ್ಜಿ ಚಾವಣಿಗೇ ಒಂದು ಬಿಳಿ ಅಸ್ತರು ಬಟ್ಟೆ ಅಂಟಿಸಿ, ನಡುವೆ ತೊಟ್ಟು ಇಳಿಯಲು ಕಾಜಾ ಹೊಲಿದು ಬಿಟ್ಟಿದ್ದ. ಕೆಳಗಿನಿಂದ ನೋಡಿದರೆ ಹೊಸ ಸುಣ್ಣ ಹೊಡೆದ ಹಾಗಿತ್ತು.

ಆದರೆ ಸದ್ದು? ಅಗಲವಾದ ಎಲೆಯ ಮೇಲೆ ಬೀಳುವ ಹನಿ ಮುಂಚಿಗಿಂತ ಜೋರಾಗಿ ಟಪ್ ಎನ್ನತೊಡಗಿತು. ಅದಕ್ಕೆ ಮದ್ದು ಗಡಿಯಾರದವರ ಬಳಿಯೇ ಇತ್ತು. ರಿಪೇರಿಗೆ ಬಂದಿದ್ದ ಏಳು ಗೋಡೆ ಗಡಿಯಾರಗಳನ್ನು ತಂದು ವರಾಂಡದ ಉದ್ದಕ್ಕೂ ತೂಗುಹಾಕಿ ಕೀ ಕೊಟ್ಟರು. ಏಳೂ ಸೇರಿ ಟಿಕ್ ಟಿಕ್ ಎನ್ನುವ ಗದ್ದಲದಲ್ಲಿ ಹನಿಯ ಸದ್ದು ಅಡಗಿತು ಎಂದು ಮೂವರಿಗೂ ಅನಿಸಿತು. ಅನಿಸಲೇಬೇಕಿತ್ತು, ಆಗಲೇ ಮೂರೂ ಐವತ್ತಾಗಿತ್ತು.

ಸರಿಯಾಗಿ ನಾಲ್ಕಕ್ಕೆ ಕನ್ನಡಕದಮ್ಮ ಮೆಟ್ಟಿಲು ಹತ್ತಿ ಬಂದರು. ಬೆಳಗಿನಿಂದ ತಲೆ ಕೆಟ್ಟಿದ್ದ ಗಡಿಯಾರದವರು, ಇಡೀ ಬದುಕೇ ಗಡಿಯಾರವಾಗಿದ್ದವರು, ಒಂದು ವಿಷಯ ಮರೆತಿದ್ದರು. ಏಳು ಗಡಿಯಾರಗಳೂ ಒಟ್ಟಿಗೆ ನಾಲ್ಕು ಹೊಡೆದವು. ಮೂರು ಅಂಗಡಿಯಾಚೆಯ ಗಿರಾಕಿಗಳೂ ಹೊರಗೆ ಬಂದು ನೋಡಿದರು. ಸದ್ದು ನಿಂತ ಮೇಲೆ ಕನ್ನಡಕದಮ್ಮ, “ನಾಲ್ಕಾಯ್ತು ಅಂತ ಕಾಣುತ್ತೆ,” ಎಂದರು.

ತಪಾಸಣೆ ತಾರಸಿಯಿಂದ ಶುರುವಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಗಡಿಯಾರದವರು ಕೇಳದಿದ್ದರೂ ಅಲ್ಲಿ ಸೋರಿಲ್ಲ, ಇಲ್ಲಿ ಸೋರಿಲ್ಲ ಎಂದು ತೋರಿಸುತ್ತ ನಡೆದರು. ಕನ್ನಡಕದಮ್ಮ ಹೂಂ ಎನ್ನುತ್ತ ಬಂದರು. ಟ್ಯಾಂಕಿನ ಮುಚ್ಚಳ ಮುರಿದದ್ದು ಅವರಿಗೆ ಕಾಣಲಿಲ್ಲ. ಒಡೆದ ಕಿಟಕಿ ಗಾಜು ಕಾಣಲಿಲ್ಲ. ಗಡಿಯಾರದವರಿಗೆ ಒಳಗೊಳಗೇ ಹಿಗ್ಗು. ರೈಲಿನ ಕಿಟಕಿಯೇ ಕಣ್ಣಮುಂದೆ ಬಂದಂತಾಯಿತು. ಒಂದು ಮಾತ್ರ ಅವರ ಗಮನಕ್ಕೆ ಬಂತು, ಅಮ್ಮ ಇಳಿಯುವಾಗ ಮೆಟ್ಟಿಲುಗಳನ್ನು ಬಾಯಲ್ಲೇ ಎಣಿಸುತ್ತಿದ್ದರು, ಕೈ ಗೋಡೆಯನ್ನು ಬಿಡುತ್ತಿರಲಿಲ್ಲ.

ಮೊದಲ ಮಹಡಿಯ ವರಾಂಡಕ್ಕೆ ಬಂದರು. ದರ್ಜಿ ತನ್ನ ಬಾಗಿಲಲ್ಲಿ ಉಸಿರು ಬಿಗಿ ಹಿಡಿದು ನಿಂತಿದ್ದ. ಡಾಕ್ಟರು ಹಿಂದಿನಿಂದ ಬರುತ್ತಿದ್ದರು. ಕನ್ನಡಕದಮ್ಮ ಗಿಡದ ಮುಂದೆ ನಿಂತು ಮರ್ಯಾದೆಯಿಂದ, “ಡಾಕ್ಟ್ರೇ, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ದಾರಿ ಬೇಕು,” ಎಂದರು.

ಗಿಡ ಸರಿಯಲಿಲ್ಲ. ಹಿಂದೆ ನಿಂತಿದ್ದ ನಿಜವಾದ ಡಾಕ್ಟರು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು.

“ಅಮ್ಮಾ,” ಎಂದರು ಗಡಿಯಾರದವರು ಮೆಲ್ಲಗೆ. “ನಿಮ್ಮ ಕಣ್ಣು?”

ಕನ್ನಡಕದಮ್ಮ ಕೈಚಾಚಿ ಎಲೆ ಮುಟ್ಟಿ ನೋಡಿಕೊಂಡರು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆರು ತಿಂಗಳಿಂದ ಎಲ್ಲ ಹೊಗೆಯ ಹಾಗೆ ಕಾಣುತ್ತಿದೆ, ನಾಳೆ ಆಪರೇಷನ್ನು ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಹದಿನೈದು ದಿನ ಧೂಳು ಸೋಕಬಾರದು, ನೀರು ತಾಗಬಾರದು, ಅಲುಗಾಡದೆ ಮಲಗಿರಬೇಕು. ಯಾರಿಗೂ ಹೇಳಿರಲಿಲ್ಲ.

“ಕನ್ನಡಕ ಮಾರೋಳಿಗೇ ಕಣ್ಣು ಕಾಣಲ್ಲ ಅಂದ್ರೆ ಅಂಗಡಿಗೆ ಯಾರಪ್ಪಾ ಬರ್ತಾರೆ,” ಎಂದರು. “ಸರದಿ ಬಂದಾಗ ಆಗಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ. ಕೊಡಿ, ಎಲ್ಲಿ ಸಹಿ ಹಾಕ್ಬೇಕು ಅಂತ ಬೆರಳಿಟ್ಟು ತೋರ್ಸಿ.”

ಗಡಿಯಾರದವರು ರಿಜಿಸ್ಟರು ತೆರೆದರು. ದರ್ಜಿ ಆಚೆಯಿಂದ ‘ಹಾಕಿಸಿ, ಹಾಕಿಸಿ’ ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ. ಒಂದು ಸಹಿ. ಮೊಮ್ಮಗಳ ಮುಖಕ್ಕೂ ಅವರಿಗೂ ನಡುವೆ ಇದ್ದದ್ದು ಅಷ್ಟೇ. ಆದರೆ ಕಣ್ಣು ಕಾಣುವವರಿಗೆ ಮೋಸ ಮಾಡುವುದು ಒಂದು ಬಗೆಯ ಆಟ, ಕಾಣದವರ ಕೈ ಹಿಡಿದು ಮೋಸದ ಮೇಲೆ ಸಹಿ ಹಾಕಿಸುವುದು ಬೇರೆಯೇ ಮಾತು. ನಾಳೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಲಿರುವ ಈ ಹೆಂಗಸಿನ ತಲೆಗೆ ಒಡೆದ ಚಾವಣಿಯನ್ನು ಕಟ್ಟಿ ತಾನು ರೈಲಿನಲ್ಲಿ ಹೇಗೆ ಕೂರುವುದು? ಮಗುವನ್ನು ಎತ್ತಿಕೊಳ್ಳುವ ಕೈ ಇದೇ ಅಲ್ಲವೇ?

ಪೆನ್ನಿನ ಮುಚ್ಚಳ ತೆಗೆದು, ಶಾಯಿಯಲ್ಲಿ, ತಮ್ಮ ದುಂಡು ಅಕ್ಷರದಲ್ಲಿ ಬರೆದರು. ಬರೆದದ್ದನ್ನು ಜೋರಾಗಿ ಓದಿದರು: “ಮೊದಲ ಮಹಡಿ ವರಾಂಡದ ಚಾವಣಿಯೊಳಗಿನ ಪೈಪು ತೂತಾಗಿ ಸೋರುತ್ತಿದೆ. ಬೀಗದ ಕೈ ನನ್ನಲ್ಲೇ ಇರುತ್ತದೆ.” ಕೆಳಗೆ ಸಹಿ ಹಾಕಿದರು.

ದರ್ಜಿ ತಲೆಯ ಮೇಲೆ ಕೈ ಹೊತ್ತು ಕೂತ. ಕನ್ನಡಕದಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸಿ ಏನೂ ಪ್ರಯೋಜನವಿಲ್ಲವೆಂದು ಅವರಿಗೂ ಗೊತ್ತಿತ್ತು.

“ಯಾಕ್ರೀ ಬರೆದ್ರಿ?” ಎಂದರು. “ಪೊರೆ ಬಂದಿರೋದು ನನ್ನ ಕಣ್ಣಿಗೆ, ಕಿವಿಗಲ್ಲ. ಬೆಳಿಗ್ಗೆ ಎಂಟೂಕಾಲಿಂದ ಟಪ್ ಟಪ್ ಅನ್ನೋದು ಕೇಳ್ತಾನೇ ಇದ್ದೀನಿ, ನೀವು ಫೋನಲ್ಲಿ ಬಂದೇ ಬರ್ತೀನಿ ಅಂದಿದ್ದೂ ಕೇಳಿಸ್ತು. ನಲ್ಲಿಯವನು ವಾಪಸ್ ಹೋಗುವಾಗ ನಿಲ್ಲಿಸಿ ವಿಚಾರಿಸ್ದೆ. ನೀವು ರೈಲು ಹತ್ತಿದ ಮೇಲೆ ನಾಳೆ ಬೆಳಿಗ್ಗೆ ಬಂದು ಕೆಲ್ಸ ಶುರು ಮಾಡು, ನನ್ನ ತಮ್ಮ ನಿಂತು ನೋಡ್ಕೋತಾನೆ ಅಂತ ಹೇಳಿಟ್ಟಿದ್ದೆ. ನೀವು ಬಾಯಿ ಮುಚ್ಕೊಂಡು ಬೆರಳು ತೋರ್ಸಿದ್ರೆ ಸಾಕಾಗಿತ್ತು.”

ಆ ಪುಟವನ್ನೇ ಹರಿದುಬಿಡಿ, ನಾವು ಯಾರೂ ನೋಡಿಲ್ಲ ಎಂದ ದರ್ಜಿ. ಪುಟಕ್ಕೆ ಸಂಖ್ಯೆ ಇದೆಯಲ್ಲ ಎಂದು ಡಾಕ್ಟರು ನೆನಪಿಸಿ, ನೆನಪಿಸಿದ್ದಕ್ಕೆ ತಾವೇ ನಾಚಿಕೊಂಡರು. ಗಡಿಯಾರದವರು ರಿಜಿಸ್ಟರು ಮುಚ್ಚಿದರು. ಹೊಡೆದುಹಾಕಬಾರದು ಅಂತ ನಿಯಮ ತಂದವನೇ ಹರಿದುಹಾಕಿದರೆ ಈ ಪುಸ್ತಕಕ್ಕೆ ಅರ್ಥವೇನು ಎಂದರು. ಆಪರೇಷನ್ನು ಚೆನ್ನಾಗಿ ಆಗಲಿ ಎಂದು ಕನ್ನಡಕದಮ್ಮನ ಕೈ ಹಿಡಿದು ಕೊನೆಯ ಮೆಟ್ಟಿಲಿನವರೆಗೆ ಎಣಿಸಿಕೊಂಡು ಹೋಗಿ ಬಿಟ್ಟುಬಂದರು. ಹದಿನಾರು ಮೆಟ್ಟಿಲು. ಅಮ್ಮ ದಾರಿಯುದ್ದಕ್ಕೂ ಬೈಯುತ್ತಲೇ ಇದ್ದರು, ಕೈ ಮಾತ್ರ ಬಿಡಲಿಲ್ಲ.

ಆರು ಹೊಡೆದ ಮೇಲೆ ವರಾಂಡದಲ್ಲಿ ಒಬ್ಬರೇ ಕೂತು ಹೆಂಡತಿಗೆ ಫೋನು ಮಾಡಿದರು. ಎಲ್ಲವನ್ನೂ ಹೇಳಿದರು. ಆ ಕಡೆ ಹೆಂಡತಿಯ ಹಿಂದೆ ಮಗು ಗಂಟಲು ಹರಿಯುವ ಹಾಗೆ ಅಳುತ್ತಿತ್ತು. ನಲವತ್ತು ದಿನದಲ್ಲಿ ಗಡಿಯಾರದವರು ಮೊಮ್ಮಗಳ ದನಿ ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿ ಬಂತು.

“ಫೋನನ್ನ ಮಗು ಕಿವಿ ಹತ್ರ ಹಿಡಿ,” ಎಂದರು. ಜೇಬಿನಿಂದ ಆ ಪುಟ್ಟ ಗಡಿಯಾರ ತೆಗೆದು ಫೋನಿಗೆ ಒತ್ತಿದರು. ಮಗು ಇನ್ನೂ ಜೋರಾಗಿ ಅತ್ತಿತು. ಎದ್ದು ಹೋಗಿ ಗೋಡೆಯ ಏಳು ಗಡಿಯಾರಗಳಿಗೂ ಒಂದೊಂದಾಗಿ ಫೋನು ಹಿಡಿದರು. ಏಳಕ್ಕೂ ಅಳು. ಮೂವತ್ತು ವರ್ಷದ ಕಸುಬಿನ ಮೇಲೇ ಬೇಸರ ಬಂದು ಫೋನು ಹಿಡಿದ ಕೈಯನ್ನು ಕೆಳಕ್ಕೆ ಬಿಟ್ಟರು. ಕೈ ಇಳಿದದ್ದು ಗಿಡದ ಎಲೆಯ ಪಕ್ಕಕ್ಕೆ.

ಟಪ್.

ಅಳು ನಿಂತಿತು. ಒಂದು ಬಿಕ್ಕು ಕೇಳಿಸಿತು. ಏಳು ಸೆಕೆಂಡು. ಟಪ್. ಬಿಕ್ಕೂ ನಿಂತಿತು. ಗಡಿಯಾರದವರು ಅಲುಗಾಡದೆ ನಿಂತರು. ಎಷ್ಟೋ ಹನಿಗಳ ಮೇಲೆ ಹೆಂಡತಿಯ ಪಿಸುಮಾತು ಬಂತು.

“ರೀ, ಅದೇನ್ರೀ ಅದು?”

“ಗಡಿಯಾರ ಕಣೇ,” ಎಂದರು ಆಸೆಯಿಂದ.

“ಗಡಿಯಾರ ಅಲ್ಲ. ಆ ಇನ್ನೊಂದು.”

“ಅದಾ,” ಎಂದರು. “ಅದೇ ಸೋರ್ತಿರೋದು.”

“ಮಲಗಿಬಿಟ್ಳು ಕಣ್ರೀ. ಹುಟ್ಟಿದಾಗಿಂದ ಈ ಹೊತ್ತಿಗೆ ಮಲಗಿದ್ದು ಇದೇ ಮೊದ್ಲು.” ಹೆಂಡತಿಯ ದನಿಯಲ್ಲಿ ನಲವತ್ತು ದಿನದ ಬಾಕಿ ನಿದ್ದೆಯಿತ್ತು. “ನಾಳೆನೂ ಆರಕ್ಕೆ ಫೋನ್ ಮಾಡಿ. ನಾಳಿದ್ದೂ ಮಾಡಿ. ಅದನ್ನ ಈಗ್ಲೇ ರಿಪೇರಿ ಮಾಡಿಸ್ಬೇಡಿ.”

ರಿಪೇರಿ ಆಗದೆ ತಾನು ಊರು ಬಿಡುವಂತಿಲ್ಲ ಎಂದು ಗಡಿಯಾರದವರು ನೆನಪಿಸಿದರು.

“ಇರ್ಲಿ ಬಿಡಿ,” ಎಂದಳು ಹೆಂಡತಿ. “ನೀವು ಬಂದ್ರೆ ಅವಳು ಮಲಗ್ತಾಳೇನು?”

ಗಡಿಯಾರದವರು ಫೋನನ್ನು ಎಲೆಯ ಹತ್ತಿರ ಹಿಡಿದೇ ಕುರ್ಚಿಯನ್ನು ಕಾಲಿನಿಂದ ಎಳೆದುಕೊಂಡು ಕೂತರು. ತೋಳು ನೋಯುತ್ತಿತ್ತು. ಹನಿ ಏಳಕ್ಕೊಂದರಂತೆ ಬೀಳುತ್ತಿತ್ತು, ಆ ಕಡೆ ಮೊಮ್ಮಗಳು ಉಸಿರಾಡುವುದು ಸಣ್ಣಗೆ ಕೇಳಿಸುತ್ತಿತ್ತು. ಅದು ಎಷ್ಟು ಸಣ್ಣದೆಂದರೆ, ಸಣ್ಣದನ್ನು ಕೇಳಿ ಅಭ್ಯಾಸವಿದ್ದವರಿಗೆ ಮಾತ್ರ ಕೇಳುವಂಥದು.

ಅಷ್ಟರಲ್ಲಿ ಮೆಟ್ಟಿಲಲ್ಲಿ ದಡದಡ ಸದ್ದಾಯಿತು. ನಲ್ಲಿ ರಿಪೇರಿಯವನು ಒಂದು ಹೆಗಲಲ್ಲಿ ಏಣಿ, ಇನ್ನೊಂದು ಕೈಯಲ್ಲಿ ಸುತ್ತಿಗೆ, ಉಳಿ ಹಿಡಿದು ಬಂದ. ಕನ್ನಡಕದಮ್ಮ ಹೇಳಿ ಕಳಿಸಿದ್ದಾರೆ, ನಾಳೆವರೆಗೆ ಕಾಯುವುದು ಬೇಡ, ಇವತ್ತೇ ಶುರು ಮಾಡಿದರೆ ನೀವು ಒಂದು ದಿನವಾದರೂ ಬೇಗ ಹೊರಡಬಹುದಂತೆ ಎನ್ನುತ್ತ ಏಣಿಯನ್ನು ಗೋಡೆಗೆ ಒರಗಿಸಲು ಹೋದ.

ಗಡಿಯಾರದವರು ಖಾಲಿಯಿದ್ದ ಕೈಯ ಬೆರಳನ್ನು ತುಟಿಯ ಮೇಲಿಟ್ಟರು.

“ಶ್,” ಎಂದರು. “ನಾಳೆ ಬಾರಪ್ಪ. ಮಗು ಮಲಗಿದೆ.”